ಕೆಂಡಣ್ಣನ ಕೊನೆಯ ಮೂಟೆ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನನ್ನು ಎಲ್ಲರೂ ಕೆಂಡಣ್ಣ ಎನ್ನುತ್ತಿದ್ದರು. ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ ಇರುತ್ತಿತ್ತು, ಮೂಗಿನ ತುದಿಯಲ್ಲೂ ಇರುತ್ತಿತ್ತು. ಹೆಸರು ಹಾಗೆ ಅಂಟಿಕೊಂಡಿತು. ಅವನು ಮೂಡಿಸಿದ ಪ್ಯಾಂಟಿನ ಗೆರೆಯ ಮೇಲೆ ಕೂತ ನೊಣವೊಂದು ಎರಡು ತುಂಡಾಗಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಂಬದಿದ್ದರೆ ಬಿಡಿ, ಕೆಂಡಣ್ಣನೂ ನಂಬುತ್ತಿರಲಿಲ್ಲ.

ಅವನ ಅಂಗಡಿಯ ಬೆಂಚು ನನ್ನ ಕಾಯಂ ಜಾಗ. ನಾನು ಬುರುಡೆ ಬಿಡುವುದು, ಅವನು ಬಯ್ಯುವುದು.

"ನಾನು ಚಿಕ್ಕವನಿದ್ದಾಗ ಒಂದು ಗಾಳಿ ಬಂತು ನೋಡು, ನಮ್ಮ ಬಾವೀನೇ ಕಿತ್ಕೊಂಡು ಹೋಗಿ ಪಕ್ಕದ ಮನೆ ಹಿತ್ತಲಲ್ಲಿ ಇಟ್ಟಿತು. ಒಂದು ಹನಿ ನೀರು ಚೆಲ್ಲಲಿಲ್ಲ."

"ನಿಮ್ಮ ಬಾಯೊಂದನ್ನ ಯಾಕೆ ಬಿಟ್ಟು ಹೋಯ್ತೋ ಯಜಮಾನ್ರೇ!"

ಜನ ಬಟ್ಟೆಗಳನ್ನು ತಮ್ಮ ತಮ್ಮ ಮನೆಯ ಹಾಸಿಗೆ ಹೊದಿಕೆಯಲ್ಲೇ ಮೂಟೆ ಕಟ್ಟಿ ತಂದು ಕೊಡುತ್ತಿದ್ದರು. ಮೊದಲು ಬಂದವರದು ಮೊದಲು. ಅವನ ಮನೆಯದು ಮಾತ್ರ ಎಲ್ಲರದೂ ಮುಗಿದ ಮೇಲೆ. "ಗಿರಾಕಿ ಕಾಯಬಾರದು, ಮನೆಯವರು ಕಾದರೆ ಸವೆದುಹೋಗಲ್ಲ" ಎಂಬುದು ಅವನ ಕಾನೂನು. ಪಾಪ, ಅವನ ಹೆಂಡತಿ ಬದುಕಿದ್ದಷ್ಟು ಕಾಲವೂ ಸುಕ್ಕು ಬಟ್ಟೆಯಲ್ಲೇ ಓಡಾಡಿದಳು.

ಒಬ್ಬಳೇ ಮಗಳು. ಬಸ್ ಡ್ರೈವರನನ್ನು ಮದುವೆಯಾಗಿ ಹಿಂದಿನ ಬೀದಿಯಲ್ಲೇ ಇದ್ದಳು. ಅವಳು ಮೂಟೆಗೆ ಹಾಕುತ್ತಿದ್ದ ಗಂಟು ಊರಿಗೇ ಪ್ರಸಿದ್ಧ. "ದಾರೀಲಿ ಬಿಚ್ಕೊಂಡ್ರೆ ನಮ್ಮ ಯಜಮಾನರ ಹರಕು ಬನಿಯನ್ನೆಲ್ಲ ಬೀದಿಗೆ ಕಾಣುತ್ತೆ" ಎಂದು ಮಂಡಿ ಊರಿ ಬಿಗಿಯುತ್ತಿದ್ದಳು. ಕೆಂಡಣ್ಣನ ಮುಂದಿನ ಹಲ್ಲು ಹೋದದ್ದು ಆ ಗಂಟು ಬಿಚ್ಚಲು ಹೋಗಿಯೇ ಎಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಆ ದಿನ ಮಧ್ಯಾಹ್ನ ಮೂಟೆ ಹೊತ್ತು ಬಂದಳು.

"ಅಪ್ಪಾ, ಇವತ್ತೊಂದು ದಿನ ಬೇಗ ಮಾಡ್ಕೊಡಪ್ಪ. ಇಲ್ಲೇ ಕೂತಿರ್ತೀನಿ."

"ನಿಂದು ಕೊನೆಗೆ. ಮನೆಗೆ ಹೋಗಿ ಸಂಜೆ ಬಾ."

"ಮಗಳಾಗಿ ಹುಟ್ಟಿದ್ದೇ ತಪ್ಪಾಯ್ತು. ಗಿರಾಕಿಯಾಗಿ ಹುಟ್ಟಬೇಕಿತ್ತು! ನೀವಾದ್ರೂ ಹೇಳಿ ದೊಡ್ಡಪ್ಪ."

"ನಿಮ್ಮಪ್ಪ ಯಮ ಬಂದ್ರೂ ಸಾಲಲ್ಲಿ ನಿಲ್ಲು ಅಂತಾನೆ ಕಣಮ್ಮ" ಎಂದೆ. ನಗುತ್ತಾ ಹೋದಳು.

ಸಂಜೆಯಾಗುವ ಮೊದಲೇ ಸುಂಟರಗಾಳಿ ಬಂತು. ಆಕಾಶ ಪೆಟ್ಟು ಬಿದ್ದ ಚರ್ಮದ ಬಣ್ಣಕ್ಕೆ ತಿರುಗಿತು. ರೈಲು ಹಳಿ ಬಿಟ್ಟು ಮನೆಗಳ ಮೇಲೆ ಓಡಿದಂಥ ಸದ್ದು. ನಾವಿಬ್ಬರೂ ಇಸ್ತ್ರಿ ಮೇಜಿನ ಕೆಳಗೆ ನುಗ್ಗಿದೆವು. ಮೂಟೆಗಳೆಲ್ಲ ನಮ್ಮ ಮೇಲೆ ಉರುಳಿದವು. ಅಂಗಡಿ ಹಳೆಯ ಗೋದಾಮಿನ ಕಲ್ಲುಗೋಡೆಗೆ ಆತುಕೊಂಡಿದ್ದರಿಂದ ಉಳಿಯಿತು. ಹೊರಗೆ ಬಂದು ನೋಡಿದರೆ ಹಿಂದಿನ ಬೀದಿಯೇ ಇಲ್ಲ. ಮೆಟ್ಟಿಲುಗಳಿದ್ದವು, ಹತ್ತಿ ಹೋಗಲು ಮನೆ ಇರಲಿಲ್ಲ. ಒಂಟಿ ಗೋಡೆಯಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ವಿದ್ಯುತ್ ಕಂಬದ ತುದಿಯಲ್ಲಿ ಯಾರದೋ ಸೈಕಲ್ಲು. ನನ್ನ ಬುರುಡೆಗಳನ್ನೆಲ್ಲ ಗಾಳಿ ಕದ್ದು ಕೇಳಿ, ಬಂದು ಮಾಡಿ ತೋರಿಸಿದ ಹಾಗಿತ್ತು.

ಕೆಂಡಣ್ಣ ಚಪ್ಪಲಿಯಿಲ್ಲದೆ ಓಡಿದ. ಅಳಿಯನ ಬಸ್ಸು ಊರಿನ ಆಚೆ ತುದಿಯಲ್ಲಿದ್ದುದರಿಂದ ಅವನಿಗೆ ಏನೂ ಆಗಿರಲಿಲ್ಲ. ಅವನೂ ಓಡಿ ಬಂದ. ಇಟ್ಟಿಗೆ ಸರಿಸಿ, ಹೆಂಡತಿಯನ್ನು ಅವನೇ ಎತ್ತಿಕೊಂಡ. ಜೀವ ಇರಲಿಲ್ಲ.

ಊರಲ್ಲಿ ಎಷ್ಟೋ ಮಂದಿಗೆ ಉಳಿದದ್ದು ಉಟ್ಟ ಬಟ್ಟೆ, ಮತ್ತೆ ಕೆಂಡಣ್ಣನ ಅಂಗಡಿಯಲ್ಲಿದ್ದ ಮೂಟೆ. ಒಬ್ಬೊಬ್ಬರೇ ಬಂದರು. ಅವನು ಇಸ್ತ್ರಿ ಮಾಡಿ ಕೊಡುತ್ತಾ ಹೋದ. ಒಬ್ಬ ಹೆಂಗಸು ದಿಂಬಿನ ಚೀಲಗಳನ್ನು ಮೂಸಿ ನೋಡಿ, "ಇಲ್ಲೇ ಇರಲಿ ಅಣ್ಣ, ಇಡೋಕೆ ಕಪಾಟಿಲ್ಲ" ಎಂದು ವಾಪಸ್ಸು ಕೊಟ್ಟಳು. ಮಗಳ ಮೂಟೆ ಮಾತ್ರ ಮೇಲಿನ ಹಲಗೆಯಲ್ಲಿ ಹಾಗೇ ಇತ್ತು. ಅದನ್ನು ಅವನು ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಅಳಿಯ ಬಂದ. ಶಾಲೆಯಲ್ಲಿ ಮನೆ ಕಳಕೊಂಡವರ ಜೊತೆ ಮಲಗುತ್ತಿದ್ದ. ಮೈಮೇಲೆ ಅದೇ ಯೂನಿಫಾರಂ.

"ಮಾವ, ನಾಳೆಯಿಂದ ಬಸ್ಸು ಬಿಡ್ತಾರಂತೆ. ನನ್ನ ಇನ್ನೊಂದು ಜೊತೆ... ಅದರಲ್ಲಿದೆ."

"ಇದನ್ನೇ ಒಗೆದು ಹಾಕ್ಕೋ."

"ಒಗೆದೆ ಮಾವ. ಹೋಗ್ತಿಲ್ಲ."

ಅವನು ತೋಳು ಮುಂದೆ ಚಾಚಿದ. ಅವಳನ್ನು ಎತ್ತಿಕೊಂಡ ತೋಳು. ಕಂದು ಕಲೆ.

ಕೆಂಡಣ್ಣ ಮೂಟೆ ಇಳಿಸಿ ಮೇಜಿನ ಮೇಲಿಟ್ಟ. ಹೆಬ್ಬೆರಳು ಗಂಟಿನ ಮೇಲೆ ಹೋಯಿತು, ಸುಟ್ಟುಕೊಂಡಂತೆ ಹಿಂದೆ ಬಂತು.

"ಅವಳ ಕೈಯಲ್ಲಿ ಆದದ್ದು ಇದೊಂದೇ ಉಳಿದಿರೋದು ಕಣೋ. ಬಿಚ್ಚಿದ್ರೆ ಹೀಗೆ ಮತ್ತೆ ಕಟ್ಟೋರು ಯಾರು?"

ಅಳಿಯ ಗಂಟನ್ನೇ ನೋಡುತ್ತಾ ನಿಂತ. "ಬೇಡ ಬಿಡಿ ಮಾವ. ಯಾರ ಹತ್ರನಾದ್ರೂ ಇಸ್ಕೊಳ್ತೀನಿ" ಎಂದು ತಿರುಗಿದ.

"ನಿಲ್ಲೋ" ಎಂದ ಕೆಂಡಣ್ಣ.

ಸಾಲಿನಲ್ಲಿದ್ದವನೊಬ್ಬ, "ಕೆಂಡಣ್ಣ, ನಂದು ಮೊದಲು ಬಂದದ್ದು..." ಎಂದು ಶುರು ಮಾಡಿದ.

"ಸುಮ್ಮನಿರ್ರೀ. ಇವತ್ತು ಮನೆಯವರದ್ದು ಮೊದಲು."

ಅವನು ಕತ್ತರಿ ತೆಗೆದ. ಗಂಟಿನಿಂದ ದೂರ, ಮೂಟೆಯ ತಳದಲ್ಲಿ ಹೊದಿಕೆಯನ್ನು ಅಂಗೈಯಗಲ ಕತ್ತರಿಸಿದ. ಒಳಗೆ ಕೈ ಹಾಕಿ, ಹಸುವಿನಿಂದ ಕರು ಎಳೆದಂತೆ ಮೆಲ್ಲಗೆ, ಅಂಗಿಯ ತೋಳು, ಆಮೇಲೆ ಅಂಗಿ, ಆಮೇಲೆ ಪ್ಯಾಂಟು ಎಳೆದ. ಜೊತೆಗೆ ಅವಳದೊಂದು ಹೂವಿನ ಬಟ್ಟೆಯ ಅಂಚೂ ಇಣುಕಿತು. ಅದನ್ನು ಎರಡು ಬೆರಳಿನಿಂದ ಮತ್ತೆ ಒಳಗೆ ತಳ್ಳಿದ. ಇಸ್ತ್ರಿಪೆಟ್ಟಿಗೆ ಊದಿದ. ಬಟ್ಟೆಗೆ ನೀರು ಚಿಮುಕಿಸಲಿಲ್ಲ; ಬಗ್ಗಿದ ಮುಖದಿಂದ ಬಿದ್ದ ಹನಿಗಳೇ ಸಾಕಾದವು.

ಅಳಿಯ ಹೋದ ಮೇಲೆ ಸೂಜಿ ದಾರ ಹುಡುಕಿ, ಕತ್ತರಿಸಿದ ಜಾಗ ಹೊಲಿದ. ಇಸ್ತ್ರಿಯವನ ಹೊಲಿಗೆ, ನಾಯಿ ಕಚ್ಚಿದ ಹಾಗಿತ್ತು. ಮೂಟೆ ಮತ್ತೆ ಹಲಗೆ ಏರಿತು.

ಮರುದಿನ ಬಸ್ಸು ನಮ್ಮ ಬೀದಿಯಲ್ಲಿ ಹಾದು, ಅಂಗಡಿಯ ಮುಂದೆ ಒಮ್ಮೆ ಹಾರ್ನ್ ಮಾಡಿತು. ಕೆಂಡಣ್ಣ ತಲೆ ಎತ್ತಲಿಲ್ಲ.

"ಅವನ ಕಾಲರು ಸರಿಯಾಗಿ ಕೂತಿದೆಯಾ ನೋಡಿ ಯಜಮಾನ್ರೇ."

"ಕೂತಿದೆ ಕಣೋ. ಈಗ ತಾನೇ ಅದರ ಮೇಲೆ ಒಂದು ನೊಣ ಕೂತು ಎರಡು ತುಂಡಾಯ್ತು."

ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ. "ಹೌದಾ" ಎಂದ, ನಂಬಿದವನ ಹಾಗೆ.