ರೇಡಿಯೇಟರ್ ತೊಳೆದ ಭಾನುವಾರ

ಬನಶಂಕರಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲವದು. ಪಕ್ಕದ ಸೈಟಿನಲ್ಲಿ ಅಪ್ಪನ ಲಾರಿ ನಿಲ್ಲುತ್ತಿತ್ತು. ಅದರ ನೆರಳಲ್ಲಿ ನಾವು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದೆವು. ಜಯನಗರ, ಜೆ.ಪಿ. ನಗರದ ಎಷ್ಟೋ ಮನೆಗಳ ಪಾಯದ ಕಲ್ಲು ಬಂದದ್ದು ಆ ಲಾರಿಯಲ್ಲೇ. ನಮ್ಮದು ಮಾತ್ರ ಬಾಡಿಗೆ ಮನೆ.

ನಮ್ಮಲ್ಲಿ ವರ್ಷಕ್ಕೆ ಎರಡು ಅಭ್ಯಂಜನ: ದೀಪಾವಳಿಗೆ ನಮಗೆ, ಶಿವರಾತ್ರಿ ಕಳೆದ ಮೇಲಿನ ಭಾನುವಾರ ಲಾರಿಗೆ. ಹೆಚ್ಚು ಶಾಸ್ತ್ರೋಕ್ತವಾಗಿ ನಡೆಯುತ್ತಿದ್ದದ್ದು ಲಾರಿಯದೇ. ಎಂಜಿನ್ ಪೂರ್ತಿ ತಣಿದಿರಬೇಕು. ತಣಿದಿದ್ದರೂ ಅಪ್ಪ ರೇಡಿಯೇಟರಿನ ಮುಚ್ಚಳದ ಮೇಲೆ ಗೋಣಿತಾಟು ಹಾಕಿ, ಮುಖ ಪಕ್ಕಕ್ಕಿಟ್ಟು, ಕಾಲು ಸುತ್ತು ತಿರುಗಿಸಿ ಕಾಯುತ್ತಿದ್ದರು. "ಬಿಸಿ ಇದ್ದಾಗ ಇದನ್ನ ತೆಗೆದೋರ ಮುಖ ಆಮೇಲೆ ಮನೆಯೋರೇ ಗುರುತು ಹಿಡಿಯಲ್ಲ" ಅನ್ನುತ್ತಿದ್ದರು. ಕೆಳಗಿನ ತಿರುಪು ಬಿಚ್ಚಿದರೆ ಹುಣಸೆರಸದ ಬಣ್ಣದ ತುಕ್ಕುನೀರು, ಕಬ್ಬಿಣದ ವಾಸನೆ ಬೀರುತ್ತ, ನಮ್ಮ ಕುಂಟೆಬಿಲ್ಲೆಯ ಗೆರೆಗಳನ್ನು ಅಳಿಸಿಕೊಂಡು ಹರಿಯುತ್ತಿತ್ತು. ಆಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ ಎಂಜಿನ್ ಓಡಿಸುವುದು, ತಣಿಯಲು ಬಿಟ್ಟು ಮತ್ತೆ ಖಾಲಿ ಮಾಡುವುದು, ತಿಳಿನೀರು ಬರುವ ತನಕ ತೊಳೆಯುವುದು. ಕೊನೆಗೆ, ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ, ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸುವಷ್ಟು ನಿಧಾನವಾಗಿ ಹೊಸ ನೀರು.

ರೇಡಿಯೇಟರಿನಲ್ಲಿ ನೀರಿಲ್ಲದಷ್ಟು ಹೊತ್ತೂ ಡ್ರೈವರ್ ಸೀಟಿನ ಮೇಲೆ ಒಂದು ಬಕೆಟ್ ಬೋರಲು ಹಾಕಿರುತ್ತಿದ್ದರು. ಬಕೆಟ್ ಇದ್ದರೆ ಗಾಡಿ ಸ್ಟಾರ್ಟ್ ಮಾಡುವಂತಿಲ್ಲ. ನಮ್ಮ ಮನೆಯ ಸಂವಿಧಾನದಲ್ಲಿದ್ದದ್ದು ಇದೊಂದೇ ವಿಧಿ. ಅದನ್ನು ಎಲ್ಲರೂ ಬಲ್ಲರು, ಒಂಬತ್ತು ವರ್ಷದ ನಾನೂ ಸೇರಿ.

ಆ ಭಾನುವಾರ ತೊಳೆಯುವುದೆಲ್ಲ ಮುಗಿದಾಗ ತಿರುಪಿನ ವಾಷರ್ ಹರಿದಿರುವುದು ಕಂಡಿತು. ಅದಿಲ್ಲದೆ ಹೊಸ ನೀರು ಒಳಗೆ ನಿಲ್ಲುವುದಿಲ್ಲ. ಅಪ್ಪ ಸೀಟಿನ ಮೇಲೆ ಬಕೆಟ್ ಇಟ್ಟು, ಹೊಸದು ತರಲು ವಿಲ್ಸನ್ ಗಾರ್ಡನ್ ಬಸ್ಸು ಹತ್ತಿದರು. ಅವರು ಹೋದ ಸ್ವಲ್ಪ ಹೊತ್ತಿಗೇ ಬೀದಿಯಲ್ಲಿ ಕೂಗು ಎದ್ದಿತು: "ನೀರು ಬಂತು ಕಣ್ರೇ!"

ಬೀದಿ ನಲ್ಲಿಯಲ್ಲಿ ಎರಡು ದಿನದಿಂದ ನೀರಿರಲಿಲ್ಲ; ಮನೆಯಲ್ಲಿ ಹಿಡಿದಿಟ್ಟದ್ದು ಲಾರಿ ತೊಳೆದು ಮುಗಿದಿತ್ತು. ಬಿಂದಿಗೆ, ಕೊಡ, ಅನ್ನದ ಪಾತ್ರೆ, ಎಲ್ಲ ಸಾಲಿಗೆ ಬಿದ್ದವು. ಅಮ್ಮ ಸೆರಗು ಸಿಕ್ಕಿಸಿಕೊಂಡು ಕಿರುಚಿದಳು: "ಇನ್ನೂ ಏನಾದ್ರೂ ಇದ್ರೆ ತಾರೇ, ನಿಂತ್ಕೊಂಡು ಏನ್ ನೋಡ್ತೀಯ!"

ನಾನು ಲಾರಿ ಹತ್ತಿ ಬಕೆಟ್ ತಂದುಕೊಟ್ಟೆ. ತುಂಬಿದ ಮೇಲೆ ಹಂಡೆಗೆ ಸುರಿದು ತಕ್ಷಣ ವಾಪಸ್ ಇಟ್ಟುಬಿಡುವುದು ಎಂದುಕೊಂಡೆ. ಆ ಗಲಾಟೆಯಲ್ಲಿ ಅದು ಯಾವ ಬಕೆಟ್ಟೆಂದು ಅಮ್ಮ ನೋಡಲಿಲ್ಲ.

ಅಷ್ಟರಲ್ಲಿ, ಅಪ್ಪನ ಜೊತೆ ಅದೇ ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ ಹೇರ್ ಕಟಿಂಗ್ ಮುಗಿಸಿ ಬಂದರು. ಪಕ್ಕದ ಮನೆಯಲ್ಲಿ ನಾಮಕರಣ. ಆ ಮನೆಯವರು ಕೇಳಿದರು: "ಗಾಡಿ ಸ್ವಲ್ಪ ಆಚೆ ಹಾಕಪ್ಪ, ಶಾಮಿಯಾನದವ್ರು ಬಂದವ್ರೆ."

ಚಿಕ್ಕಪ್ಪ ನಿಯಮ ಮೀರಲಿಲ್ಲ. ಸೀಟು ನೋಡಿದರು. ಬಕೆಟ್ ಇರಲಿಲ್ಲ. ಲಾರಿ ಹೊರಟ ಸದ್ದು ನಾನು ಕೇಳಿದ್ದು ನಲ್ಲಿಯ ಸಾಲಿನಲ್ಲಿ ನಿಂತು.

ಆಚೆ ಹಾಕಿದ್ದರೆ ಸಾಕಿತ್ತು. ಆದರೆ ತೊಳೆದ ಗಾಡಿ ಹೇಗೆ ಓಡುತ್ತದೆ ನೋಡುವ ಆಸೆ ಚಿಕ್ಕಪ್ಪನಿಗೆ. ಹನುಮಂತನಗರದ ಏರಿನಲ್ಲಿ ಎಂಜಿನ್ ಹೊಗೆ ಕಾರಿ ನಿಂತಿತು. ಹೆದರಿದ ಚಿಕ್ಕಪ್ಪ ಹತ್ತಿರದ ಮನೆಯಲ್ಲಿ ಕೊಡ ತುಂಬ ತಣ್ಣೀರು ಕೇಳಿ ತಂದು, ಕಾದ ಎಂಜಿನ್ನಿಗೆ ಸುರಿದರು. ಟಣ್ ಎಂದಿತಂತೆ, ಗಂಟೆ ಹೊಡೆದ ಹಾಗೆ.

ಸಂಜೆ ಮೆಕ್ಯಾನಿಕ್ ಬಗ್ಗಿ ನೋಡಿ ಎದ್ದ. "ಎಂಜಿನ್ ಬ್ಲಾಕೇ ಸೀಳಿದೆ ಸಾರ್. ಮುಗೀತು."

"ಬಕೆಟ್ ಇರ್ಲಿಲ್ಲ ಕಣಣ್ಣ," ಚಿಕ್ಕಪ್ಪ ಅಳುತ್ತಿದ್ದರು. "ದೇವ್ರಾಣೆ, ನೋಡೇ ಹತ್ತಿದ್ದು."

ಅಪ್ಪ ಬಹಳ ಹೊತ್ತು ಸೀಟನ್ನೇ ನೋಡಿದರು. "ಇಟ್ಟಿದ್ದೆ ಅಂತ ನನ್ನ ನೆನಪು," ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಇಲ್ಲ, ಮರೆತಿರ್ಬೇಕು ಬಿಡು. ನಂದೇ ತಪ್ಪು."

ನಾನು ಅಮ್ಮನ ಹಿಂದೆಯೇ ನಿಂತಿದ್ದೆ. ನಾಳೆ ಹೇಳೋಣ ಎಂದುಕೊಂಡೆ.

ಹೊಸ ಎಂಜಿನ್ನಿಗೆ ದುಡ್ಡಿಲ್ಲದೆ ಲಾರಿ ಗುಜರಿಗೆ ಹೋಯಿತು. ಅಪ್ಪ ಬೇರೆಯವರ ಗಾಡಿಗೆ ಡ್ರೈವರ್ ಆದರು, ಆದರೆ ಆ ಕೆಲಸ ಬಹಳ ದಿನ ನಡೆಯಲಿಲ್ಲ. ಹ್ಯಾಂಡ್ ಬ್ರೇಕ್ ಹಾಕಿದೆನೋ ಇಲ್ಲವೋ ಎಂದು ಊಟ ಬಿಟ್ಟು ಎದ್ದುಹೋಗುವವರು, ಬಸ್ ಸ್ಟಾಪಿನಿಂದ ಮನೆಯ ಬೀಗ ನೋಡಲು ಮರಳುವವರು. ಒಂದು ದಿನ ಓನರಿಗೆ ಕೀ ಕೊಟ್ಟು ಬಂದರು. "ನನ್ನ ತಲೆ ಮೇಲೆ ನಂಗೇ ನಂಬಿಕೆ ಇಲ್ಲ" ಅಂದರು. ಇನ್ನೂ ನಲವತ್ತೈದು ತುಂಬಿರಲಿಲ್ಲ.

ಈಗ ಆ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಬೀದಿ ನಲ್ಲಿ ಕಿತ್ತುಹೋಗಿದೆ. ಕುಂಟೆಬಿಲ್ಲೆ ಆಡಲು ಜಾಗವಿಲ್ಲ, ಆಡುವವರೂ ಇಲ್ಲ. ಇವೆಲ್ಲ ಊರಿಗೇ ಆದ ನಷ್ಟ. ಎಲ್ಲರ ಜೊತೆ ಕೂತು ನಾನೂ ಹಲುಬಬಹುದು. ಅಪ್ಪನಿಗೆ ತಮ್ಮ ನೆನಪಿನ ಮೇಲಿದ್ದ ನಂಬಿಕೆ ಹೋದದ್ದು ಮಾತ್ರ ನನ್ನ ಕೈಯಾರೆ. ಅದನ್ನು ಹಿಂದಿರುಗಿಸಲು ಒಂದು ವಾಕ್ಯ ಸಾಕಿತ್ತು. ಅವರು ಹೋಗುವವರೆಗೆ, ಇಪ್ಪತ್ತು ವರ್ಷಕ್ಕೂ ಮೇಲೆ, ಸಮಯವಿತ್ತು.

ಕೊನೆಕೊನೆಗೆ ಅವರು ಪ್ರತಿಯೊಂದಕ್ಕೂ ನನ್ನನ್ನೇ ಕೇಳುತ್ತಿದ್ದರು. "ಗ್ಯಾಸ್ ಆರಿಸಿದ್ನೇನಮ್ಮ?"

"ಆರಿಸಿದ್ದೀಯಪ್ಪ."

"ನೀನು ಹೇಳಿದ್ರೆ ಸರಿ," ಅನ್ನುತ್ತಿದ್ದರು, ಮಗುವಿನಂತೆ ಹಗುರಾಗಿ. "ನೀನೊಬ್ಳು ಸುಳ್ಳು ಹೇಳಲ್ಲ."