ಸಖಿಯರ ಬಳಗಕ್ಕೆ ಸೇರದೆ ಬಂದದ್ದು

ಈ ಪರದೇಶದಲ್ಲಿ ಲೂಕನ್ ಎಂಬ ಊರಿಗೆ ಮನೆ ಬದಲಾಯಿಸಿದ ವರ್ಷ, ಅಲ್ಲಿನ ಕನ್ನಡದ ಹೆಂಗಸರ ಬಳಗವೊಂದಕ್ಕೆ ಸೇರಲು ನನಗೆ ಕರೆ ಬಂತು. ಹನ್ನೆರಡು ಮಂದಿ, ಒಬ್ಬರನ್ನೊಬ್ಬರು ಅಕ್ಕ, ತಂಗಿ ಎಂದೇ ಕರೆಯುತ್ತಿದ್ದರು. ಪಕ್ಕದೂರು ಲೀಕ್ಸ್‌ಲಿಪ್‌ನ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಆಡಿ ಸಾಕಾಗಿದ್ದ ನನಗೆ ಆಸೆಯಾಯಿತು. ಒಂದು ಸಲ ನೋಡಿ ತೀರ್ಮಾನಿಸೋಣವೆಂದು ಶನಿವಾರ ಮಧ್ಯಾಹ್ನ ಅವರಲ್ಲೊಬ್ಬರ ಮನೆಗೆ ಹೋದೆ.

ಅವತ್ತು ಹೊಸಬರು ಇಬ್ಬರೇ: ನಾನು, ಮತ್ತು ಮಾಸ್ಟರ್ಸ್ ಓದಲು ಮೈಸೂರಿನಿಂದ ಬಂದು ಇಲ್ಲೇ ಉಳಿದಿದ್ದ ಒಬ್ಬ ಹುಡುಗಿ. ಬಳಗದ ಹಿರಿಯಕ್ಕ ನಮ್ಮನ್ನು ಸೋಫಾದಲ್ಲಿ ಕೂರಿಸಿ, "ಇದುವರೆಗೂ ಯಾರಿಗೂ ಹೇಳದೆ ಇರೋ ಒಂದು ವಿಷಯ ಹೇಳ್ಬೇಕು. ಆಮೇಲೆ ನೀವು ನಮ್ಮೋರು" ಎಂದರು.

ಹುಡುಗಿ ಮೊದಲು ಹೇಳಿದಳು. ಮನೆಯವರಿಗೆ ಐಟಿ ಕೆಲಸ ಎಂದಿದ್ದಾಳೆ; ಆದರೆ ಮಾಡುತ್ತಿರುವುದು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ ಡೈಪರ್ ಬದಲಿಸುವ ಕೆಲಸ. ಹೇಳುತ್ತಾ ಅತ್ತುಬಿಟ್ಟಳು. ಎಲ್ಲರೂ ಎದ್ದು ತಬ್ಬಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು.

ನನ್ನ ಸರದಿಗೆ ಮುಂಚೆ ನೀರು ಕುಡಿಯಲು ಅಡುಗೆಮನೆ ಕಡೆ ಹೋದೆ. ಹಿರಿಯಕ್ಕನೂ ಇನ್ನೊಬ್ಬಾಕೆಯೂ ನನಗೆ ಬೆನ್ನು ಮಾಡಿ ನಿಂತಿದ್ದರು.

"ಆ ಕೈನ ಚಕ್ಲಿ ಡಬ್ಬಿಗೆ ಹಾಕಿದ್ಲಲ್ಲಕ್ಕ, ಛೀ!" ಎನ್ನುತ್ತಾ ಆಕೆ ಚಕ್ಕುಲಿಯನ್ನೆಲ್ಲ ಕಸದ ಬುಟ್ಟಿಗೆ ಸುರಿದಳು.

ಹಿರಿಯಕ್ಕ ನಕ್ಕರು. "ಇರ್ಲಿ ಬಿಡು. ನಮ್ ಮಕ್ಳನ್ನ ನೋಡ್ಕೊಳಕ್ಕೆ ಕರ್ಯೋಣ. ಗುಟ್ಟು ನಮ್ ಹತ್ರ ಐತಲ್ಲ, ಆಗಲ್ಲ ಅನ್ನಲ್ಲ."

ಈಗಷ್ಟೇ ಆ ಹುಡುಗಿಯ ಬೆನ್ನು ಸವರಿದ್ದ ಕೈಗಳು! ನೀರು ಕುಡಿಯದೆ ವಾಪಸಾದೆ. ನನ್ನ ಸರದಿ ಬಂದಾಗ, "ನಾನು ಸೇರಲ್ಲ" ಎಂದಷ್ಟೇ ಹೇಳಿದೆ.

"ಗ್ರ್ಯಾಂಡ್, ಪರವಾಗಿಲ್ಲ, ಬಲವಂತ ಏನಿಲ್ಲಪ್ಪ," ಎಂದರು ಹಿರಿಯಕ್ಕ, ಸಕ್ಕರೆಯಂಥ ದನಿಯಲ್ಲಿ. ಯಾಕೆಂದು ಮುಖಕ್ಕೇ ಹೇಳುವ ಧೈರ್ಯ ನನಗೆ ಬರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ಅಸಹ್ಯವಾಗುತ್ತದೆ.

ಹುಡುಗಿಯನ್ನು ಕಾರಿನಲ್ಲಿ ಬಸ್‌ಸ್ಟಾಪಿನವರೆಗೆ ಬಿಟ್ಟೆ. ದಾರಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಬಸ್‌ಸ್ಟಾಪ್ ಬಂದಾಗ ಅವಳು ಸೀಟ್‌ಬೆಲ್ಟ್ ಬಿಚ್ಚುತ್ತಾ ಹೇಳಿದಳು:

"ಆದ್ರೂ ನಾನು ಅಲ್ಲಿಗೆ ಹೋಗ್ತೀನಿ ಅಕ್ಕ. ರಜಾ ದಿನ ಒಂದು ಮಾತೂ ಆಡ್ದೆ ರೂಮಲ್ಲಿ ಬಿದ್ದಿರೋದು... ನಿಮಗೆ ಗೊತ್ತಾಗಲ್ಲ."

"ನಮ್ಮನೆಗೆ ಬಾ. ಯಾವ ಗುಟ್ಟೂ ಹೇಳ್ಬೇಕಿಲ್ಲ," ಎಂದೆ.

ಎರಡು ಸಲ ಬಂದಳು. ಆಮೇಲೆ ರಜಾ ದಿನಗಳಲ್ಲಿ ಬಳಗಕ್ಕೇ ಹೋಗುತ್ತಾ, ನಮ್ಮನೆಗೆ ಬರುವುದನ್ನು ಬಿಟ್ಟಳು.