ಸೌಟು ಕೊಡಬಹುದು, ಕೀಲಿ ಕೊಡಬಾರದು

ಬೆಳಿಗ್ಗೆ ಕಾಫಿ ಹಿಡಿದು ಕಂಪ್ಯೂಟರ್ ಮುಂದೆ ಕೂತರೆ ಪರದೆಯ ಮೇಲೆ ಒಂದೇ ಸಾಲು: ನಿಮಗೆ ಅನುಮತಿ ಇಲ್ಲ. ಓದಿದ್ದೇ ತಡ, ಮೂಗಿಗೆ ಕಾದ ತುಪ್ಪದ ವಾಸನೆ ಬಂತು. ನಗಬೇಡಿ, ಕಾರಣ ಇದೆ.

ಕೋಟೆ ಕಡೆಯ ಒಂದು ಕಲ್ಯಾಣ ಮಂಟಪದ ವೆಬ್‌ಸೈಟು ರವೀಂದ್ರನಗರದ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಓಡುತ್ತದೆ. ಯಾವ ದಿನ ಯಾರ ಮದುವೆ ಅನ್ನುವುದೆಲ್ಲ ಅದರೊಳಗೇ. ಅದನ್ನು ನಡೆಸುವ ಸರ್ವರ್ ಅನ್ನುವ ಪ್ರೋಗ್ರಾಮಿಗೆ ಇಷ್ಟು ದಿನ ಎಲ್ಲವನ್ನೂ ಮುಟ್ಟಬಲ್ಲ ಅಡ್ಮಿನ್ ಅಧಿಕಾರವನ್ನೇ ಕೊಟ್ಟಿದ್ದೆ. ನಿನ್ನೆ ಬುದ್ಧಿ ಬಂದು, ಪುಟ ತೋರಿಸುವುದು ಬಿಟ್ಟು ಬೇರೇನನ್ನೂ ಮುಟ್ಟಲಾಗದ ಬಡಪಾಯಿ ಬಳಕೆದಾರನ ಹೆಸರಿನಲ್ಲಿ ಓಡಿಸಿದೆ. ನಾನೂ ಆ ಬಡಪಾಯಿಯ ಹೆಸರಿನಲ್ಲೇ ಲಾಗಿನ್ ಆಗಿದ್ದೇನೆ ಅನ್ನುವುದು ಮರೆತೇ ಹೋಗಿತ್ತು.

ಭದ್ರಾವತಿಯ ನಮ್ಮ ದೊಡ್ಡಪ್ಪ ಕಾರ್ಖಾನೆಯಲ್ಲಿದ್ದರು. ಆದರೆ ಕ್ವಾರ್ಟರ್ಸಿನಲ್ಲಿ ಅವರಿಗೆ ಹೆಸರಿದ್ದದ್ದು ಮದುವೆ ಮನೆಗಳ ಉಗ್ರಾಣ ಕಾಯುವುದಕ್ಕೆ. ಕೀಲಿ ಸೊಂಟದಲ್ಲಿ, ತಾವು ಕಿಟಕಿಯಲ್ಲಿ. ಅಡುಗೆ ಸಿದ್ದಣ್ಣ ಕೇಳಿದ್ದನ್ನು ಕಿಟಕಿಯಿಂದಲೇ ಅಳೆದು ಕೊಡುವರು. ಅವನು ಕೀಲಿ ಕೇಳಿದರೆ, "ಸೌಟು ಕೊಟ್ಟಿದೀನಲ್ಲ ಮಾರಾಯ, ಸಾಕು. ನಿನ್ ಮೇಲೆ ಅನುಮಾನ ಇಲ್ಲ. ನಿನ್ ಜಾಗದಲ್ಲಿ ಇನ್ಯಾವನಾದ್ರೂ ಬಂದು ನಿಂತ್ರೆ?" ಅನ್ನುವರು. ನಾವೆಲ್ಲ ನಗುತ್ತಿದ್ದೆವು.

ನಮ್ಮಕ್ಕನ ಮದುವೆಯ ದಿನ ಒಬ್ಬ ಬಂದು ನಿಂತೇಬಿಟ್ಟ. ಬೀಗ ಇದ್ದ ಕೋಣೆ ಅದೊಂದೇ ಆದ್ದರಿಂದ ತಾಳಿಯನ್ನೂ ಉಗ್ರಾಣದಲ್ಲೇ ಇಟ್ಟಿದ್ದರು. ಅದು ಮನೆಗೆಲ್ಲ ಗೊತ್ತಿದ್ದ ಗುಟ್ಟು. ಹೆಣ್ಣಿನವರು ಗಂಡಿನ ಕಡೆಯವನೆಂದೂ ಗಂಡಿನವರು ಹೆಣ್ಣಿನ ಕಡೆಯವನೆಂದೂ ತಿಳಿದಿದ್ದ ಆ ಆಸಾಮಿ, "ಯಜಮಾನ್ರು ಕರೀತಾರೆ" ಎಂದು ಸಿದ್ದಣ್ಣನನ್ನು ಸಾಗಹಾಕಿ, ಅವನ ಟವೆಲ್ಲನ್ನೇ ತಲೆಗೆ ಸುತ್ತಿಕೊಂಡು ಕಿಟಕಿಗೆ ಬಂದ. ದೊಡ್ಡಪ್ಪ ಮುಖ ನೋಡುವವರಲ್ಲ, ಟವೆಲ್ ನೋಡುವವರು.

"ತಾಳಿ ಕೊಡಿ, ಐನೋರು ಕೇಳ್ತಿದಾರೆ."

"ಅಡುಗೆಯವನಿಗೆ ತಾಳಿ ಯಾಕೋ? ಸಾಸಿವೆ ಬೇಕಾ ಹೇಳು."

ಬೇರೆ ದಾರಿ ಕಾಣದೆ ಕಳ್ಳ ಸಾಸಿವೆ ತೆಗೆದುಕೊಂಡು ಹೋದ. ಸಿದ್ದಣ್ಣ ವಾಪಸು ಬಂದು ಟವೆಲ್ ಹುಡುಕತೊಡಗಿದಾಗಲೇ ನಮಗೆ ವಿಷಯ ತಿಳಿದದ್ದು. ಅಮ್ಮ ತಾಳಿ ಇದೆಯೋ ಇಲ್ಲವೋ ಅಂತ ಕಿಟಕಿಗೆ ಓಡಿದಳು. ದೊಡ್ಡಪ್ಪ ಮಾತ್ರ, ಒಳ್ಳೇ ಸಾಸಿವೆ ಹೋಯಿತಲ್ಲ ಅಂತ ಪೇಚಾಡಿದರು.

ಅಂತೂ ತಾಳಿ ಅಕ್ಕನ ಕೊರಳು ಸೇರಿತು. ಊಟದ ಹೊತ್ತಿಗೆ ದೊಡ್ಡಪ್ಪ ಕೀಲಿಯನ್ನು ದೊಡ್ಡಮ್ಮನಿಗೆ ಕೊಟ್ಟು, ಅವರನ್ನು ಕಿಟಕಿಯಲ್ಲಿ ಕೂರಿಸಿ, ತಾವು ಪಂಕ್ತಿಯಲ್ಲಿ ಕೂತರು. ಎಲೆಗೆ ತುಪ್ಪ ಬಿದ್ದಿರಲಿಲ್ಲ. ಎದ್ದು ಬಂದು ಕಿಟಕಿಯಲ್ಲಿ ಕೈ ಒಡ್ಡಿದರು. "ಬಡಿಸೋರನ್ನ ಕಳ್ಸಿ. ಕೀಲಿ ಕೊಟ್ಮೇಲೆ ನೀವೂ ಉಣ್ಣೋಕೆ ಬಂದೋರೇ" ಅಂದರು ದೊಡ್ಡಮ್ಮ. ಅವತ್ತು ದೊಡ್ಡಪ್ಪ ತುಪ್ಪವಿಲ್ಲದ ಅನ್ನವನ್ನು ಹೆಮ್ಮೆಯಿಂದ ಉಂಡರು. ಈಗ ಅವರಿಲ್ಲ. ಇವತ್ತು ಪರದೆಯ ಮೇಲೆ ಆ ಸಾಲನ್ನು ಓದುವಾಗ ಅವರೇ ಕಿಟಕಿಯಲ್ಲಿ ಕೂತು ಗದರಿದಂತಾಯಿತು.

ಆ ಭಕ್ತಿಯಲ್ಲೇ ಹೆಂಡತಿಯನ್ನು ಕೂರಿಸಿ, ಕತೆಯನ್ನೆಲ್ಲ ಹೇಳಿ, ಹೊಸ ಅಡ್ಮಿನ್ ಪಾಸ್‌ವರ್ಡನ್ನು ಅವಳ ಕೈಲೇ ಹಾಕಿಸಿದೆ. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ಸಂಜೆ ಸಣ್ಣದೊಂದು ರಿಪೇರಿ ಬಂತು. ಅಡುಗೆಮನೆ ಬಾಗಿಲಲ್ಲಿ ನಿಂತು ಪಾಸ್‌ವರ್ಡ್ ಕೇಳಿದೆ. ಅವಳು ಒಗ್ಗರಣೆಯಿಂದ ತಲೆ ಎತ್ತಲಿಲ್ಲ.

"ನಾನೇ ಕಣೇ ಮಾರಾಯ್ತಿ!"

"ನೀವೇ ಇರ್ಬಹುದು. ಸಾಸಿವೆ ಬೇಕಾ ಹೇಳಿ."